ಶ್ರೇಣೀಕೃತ ಡಾಕ್ಯುಮೆಂಟ್‌ಗಳ ಹುಡುಕಾಟದಲ್ಲಿ ಮೆಮೊರಿ ಉಳಿಸುವುದು ಹೇಗೆ? ಇಲಾಸ್ಟಿಕ್‌ಸರ್ಚ್, ಸೋಲರ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಸರ್ಚ್ ಸರ್ವರ್‌ನಲ್ಲಿ ಮೆಮೊರಿ ತುಂಬಿತೆಂದು ಅಲರ್ಟ್ ಬಂದರೆ ಎಲ್ಲರ ಕೈ ಮೊದಲು ಹೋಗುವುದು ಹೀಪ್ ಸೆಟ್ಟಿಂಗಿಗೆ, ಅಂದರೆ ಸರ್ಚ್ ಸರ್ವರ್ ಓಡುವ ಜಾವಾಕ್ಕೆ ಮೀಸಲಿಟ್ಟ ಮೆಮೊರಿಗೆ. 8 ಜಿಬಿ ಇದ್ದದ್ದು 16 ಆಗುತ್ತದೆ, 16 ಇದ್ದದ್ದು 31 ಆಗುತ್ತದೆ. ಅಲ್ಲಿಗೆ ಆ ದಾರಿ ಹೆಚ್ಚುಕಡಿಮೆ ಮುಗಿಯಿತು. ಹೀಪ್ 32 ಜಿಬಿ ಹತ್ತಿರ ದಾಟಿತೆಂದರೆ ಜಾವಾ ತನ್ನ ಪಾಯಿಂಟರ್‌ಗಳನ್ನು 4 ಬೈಟ್‌ನಲ್ಲಿ ಇಡುವುದನ್ನು ಬಿಟ್ಟು 8 ಬೈಟ್‌ಗೆ ಹೋಗುತ್ತದೆ. ಹೆಚ್ಚಿಗೆ ಕೊಟ್ಟ ಜಾಗದ ಒಂದು ದೊಡ್ಡ ಪಾಲು ಅದಕ್ಕೇ ಖರ್ಚು.

ಒಂದರೊಳಗೊಂದು ಇರುವ ಡಾಕ್ಯುಮೆಂಟ್‌ಗಳಲ್ಲಿ, ಅಂದರೆ ಪುಸ್ತಕ-ಅಧ್ಯಾಯ-ಪುಟ, ಉತ್ಪನ್ನ-ಬಣ್ಣ-ಅಳತೆ, ತೀರ್ಪು-ಪ್ಯಾರಾ ಇಂಥವುಗಳಲ್ಲಿ, ಪದ ಹುಡುಕುವ ಕೆಲಸಕ್ಕೆ ಮೆಮೊರಿ ಅಷ್ಟೇನೂ ಬೇಡ. ಯಾವ ಪ್ಯಾರಾ ಯಾವ ತೀರ್ಪಿಗೆ ಸೇರಿದ್ದು ಎಂಬುದನ್ನು ನೆನಪಿಟ್ಟುಕೊಳ್ಳುವುದೇ ದುಬಾರಿ. ಆದ್ದರಿಂದ ಮಾರ್ಗದರ್ಶಿಯ ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ಇದು: ಈ ಸಂಬಂಧವನ್ನು ಯಾವ ರೂಪದಲ್ಲಿ ಇಟ್ಟುಕೊಂಡಿದ್ದೇವೆ, ಅದರ ಬಾಡಿಗೆ ಎಷ್ಟು?

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಕಾಲ್ಪನಿಕ ಇಂಡೆಕ್ಸ್ (ಹುಡುಕಲು ಜೋಡಿಸಿಟ್ಟ ಸಂಗ್ರಹ) ಇಟ್ಟುಕೊಳ್ಳೋಣ. 20 ಲಕ್ಷ ತೀರ್ಪುಗಳು, ಒಂದೊಂದರಲ್ಲಿ ಸರಾಸರಿ 40 ಪ್ಯಾರಾ. ತೀರ್ಪು ಪೇರೆಂಟ್, ಪ್ಯಾರಾ ಚೈಲ್ಡ್.

## ಹಂತ 1: ನಿಮ್ಮಲ್ಲಿ ನಿಜಕ್ಕೂ ಎಷ್ಟು ಡಾಕ್ಯುಮೆಂಟ್‌ಗಳಿವೆ?

ಇಲಾಸ್ಟಿಕ್‌ಸರ್ಚ್ ಮತ್ತು ಸೋಲರ್ ಎರಡೂ ನಿಂತಿರುವುದು ಲೂಸೀನ್ ಎಂಬ ಲೈಬ್ರರಿಯ ಮೇಲೆ. ಲೂಸೀನ್‌ಗೆ ಶ್ರೇಣಿ ಗೊತ್ತಿಲ್ಲ. ಅದರ ಪಾಲಿಗೆ ಎಲ್ಲವೂ ಸಾಲಾಗಿ ನಿಂತ, 0ಯಿಂದ ನಂಬರ್ ಹಾಕಿದ ಡಾಕ್ಯುಮೆಂಟ್‌ಗಳು. ನೆಸ್ಟೆಡ್ ಎಂದು ನೀವು ಘೋಷಿಸಿದ ಪ್ರತಿ ಆಬ್ಜೆಕ್ಟ್ ಒಳಗೊಳಗೇ ಒಂದು ಪ್ರತ್ಯೇಕ ಡಾಕ್ಯುಮೆಂಟ್ ಆಗುತ್ತದೆ. ನಮ್ಮ ಉದಾಹರಣೆಯ 20 ಲಕ್ಷ, ಲೂಸೀನ್ ಕಣ್ಣಿಗೆ 8.2 ಕೋಟಿ.

ಇದನ್ನು ನೋಡುವುದು ಸುಲಭ. ಇಲಾಸ್ಟಿಕ್‌ಸರ್ಚ್‌ನ ಕೌಂಟ್ ಎಪಿಐ ಮೇಲ್ಮಟ್ಟದ ಡಾಕ್ಯುಮೆಂಟ್‌ಗಳನ್ನು ಮಾತ್ರ ಎಣಿಸುತ್ತದೆ. ಕ್ಯಾಟ್ ಇಂಡಿಸೀಸ್ ಪಟ್ಟಿಯಲ್ಲಿ ಬರುವ ಸಂಖ್ಯೆ ಲೂಸೀನ್‌ನದು, ಅಡಗಿರುವ ನೆಸ್ಟೆಡ್ ಮಕ್ಕಳೂ ಅದರಲ್ಲಿ ಸೇರಿರುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ 3 ಬಂದರೆ ಮುಂದಿನ ಅರ್ಧ ಮಾರ್ಗದರ್ಶಿ ನಿಮಗೆ ಬೇಕಾಗಲಿಕ್ಕಿಲ್ಲ. 41 ಬಂದರೆ ಕೂತು ಓದಿ. 400 ಬಂದರೆ ಒಂದು ಶಾರ್ಡಿನ (ಇಂಡೆಕ್ಸನ್ನು ಹಂಚಿಟ್ಟ ಒಂದು ಭಾಗದ) ಮಿತಿಯ ಕಡೆಗೂ ಕಣ್ಣಿಡಿ: ಲೂಸೀನ್ ಒಂದು ಶಾರ್ಡಿನಲ್ಲಿ 2,14,74,83,519ಕ್ಕಿಂತ ಹೆಚ್ಚು ಡಾಕ್ಯುಮೆಂಟ್ ಹಿಡಿಸಿಕೊಳ್ಳುವುದಿಲ್ಲ, ಮಕ್ಕಳೂ ಆ ಲೆಕ್ಕಕ್ಕೆ ಸೇರುತ್ತವೆ.

ಅದೇ ಪಟ್ಟಿಯಲ್ಲಿ ಅಳಿಸಿದವುಗಳ ಸಂಖ್ಯೆಯನ್ನೂ ನೋಡಿಕೊಳ್ಳಿ. ಒಂದು ಪ್ಯಾರಾದಲ್ಲಿ ಕಾಗುಣಿತ ತಿದ್ದಿದರೂ ಆ ತೀರ್ಪಿನ ಇಡೀ ಕುಟುಂಬ, 41 ಡಾಕ್ಯುಮೆಂಟ್‌ಗಳು, ಹೊಸದಾಗಿ ಬರೆಯಲ್ಪಡುತ್ತವೆ. ಹಳೆಯ 41 ಅಳಿಸಿದ ಗುರುತು ಹೊತ್ತು, ಸೆಗ್ಮೆಂಟ್ ಎಂಬ ಸಣ್ಣ ತುಂಡುಗಳನ್ನು ಲೂಸೀನ್ ಒಂದುಗೂಡಿಸುವ ಮರ್ಜ್ ಆಗುವವರೆಗೂ ಅಲ್ಲೇ ಇರುತ್ತವೆ, ಜಾಗಕ್ಕೆ ಬಾಡಿಗೆ ಕೊಡದೆ.

ಆಮೇಲೆ ನೋಡ್ಸ್ ಸ್ಟ್ಯಾಟ್ಸ್ (ಪ್ರತಿ ಸರ್ವರ್ ಕೊಡುವ ಅಂಕಿಅಂಶ) ತೆರೆದು ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಸೆಗ್ಮೆಂಟ್ಸ್ ಅಡಿಯಲ್ಲಿ ಫಿಕ್ಸ್ಡ್ ಬಿಟ್‌ಸೆಟ್ (0-1 ಗುರುತುಗಳ ಸಾಲು, ಹಂತ 4 ನೋಡಿ) ಮೆಮೊರಿ, ಫೀಲ್ಡ್‌ಡೇಟಾ (ಹೀಪ್‌ಗೆ ತಂದಿಟ್ಟ ಫೀಲ್ಡ್ ಮಾಹಿತಿ) ಮೆಮೊರಿ, ಕ್ವೆರಿ ಕ್ಯಾಶ್ (ಹಳೆಯ ಉತ್ತರಗಳ ಸಂಗ್ರಹ), ಮತ್ತು ಬ್ರೇಕರ್‌ಗಳು (ಮೆಮೊರಿ ಮಿತಿ ಮೀರುವ ಕೆಲಸವನ್ನು ತಡೆಯುವ ಕಾವಲುಗಳು) ಎಷ್ಟು ಸಲ ಬಿದ್ದಿವೆ ಎಂಬ ಲೆಕ್ಕ. ಕಳ್ಳ ಯಾರು ಎಂಬುದನ್ನು ಇವೇ ಹೇಳುತ್ತವೆ. ಅಂದಾಜಿನ ಮೇಲೆ ಮ್ಯಾಪಿಂಗ್ (ಫೀಲ್ಡ್‌ಗಳ ವಿನ್ಯಾಸ) ಬದಲಿಸಲು ಹೋಗಬೇಡಿ. 8.2 ಕೋಟಿಯನ್ನು ರೀಇಂಡೆಕ್ಸ್ ಮಾಡುವುದು ಒಂದು ಮಧ್ಯಾಹ್ನದ ಕೆಲಸವಲ್ಲ.

## ಹಂತ 2: ಸಂಬಂಧ ಬೇಕೇ ಬೇಕಾ ಎಂದು ಕೇಳಿಕೊಳ್ಳಿ

ನನ್ನ ಪ್ರಕಾರ ಹೆಚ್ಚಿನ ಉಳಿತಾಯ ಇರುವುದು ಇಲ್ಲೇ. ಸೆಟ್ಟಿಂಗ್‌ಗಳಲ್ಲಿ ಅಲ್ಲ.

ವಕೀಲರೊಬ್ಬರು ಎರಡು ರೀತಿ ಹುಡುಕಬಹುದು. ಒಂದು: ‘ಭೂ ಪರಿವರ್ತನೆ’ ಮತ್ತು ‘ಕಲಂ 95’ ಒಂದೇ ಪ್ಯಾರಾದಲ್ಲಿ ಬರುವ ತೀರ್ಪು ಬೇಕು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಂ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವುದರ ಕುರಿತದ್ದು, ಹಾಗಾಗಿ ಇಂಥ ಹುಡುಕಾಟ ಸಹಜ. ಎರಡು: ಯಾವುದೋ ಒಂದು ಪ್ಯಾರಾದಲ್ಲಿ ‘ಭೂ ಪರಿವರ್ತನೆ’, ಅದೇ ತೀರ್ಪಿನ ಇನ್ನೊಂದು ಪ್ಯಾರಾದಲ್ಲಿ ‘ದಂಡ’ ಇರಬೇಕು.

ಮೊದಲನೆಯದಕ್ಕೆ ಪೇರೆಂಟ್-ಚೈಲ್ಡ್ ಸಂಬಂಧವೇ ಬೇಕಿಲ್ಲ. ಪ್ರತಿ ಪ್ಯಾರಾವನ್ನು ಸ್ವತಂತ್ರ ಡಾಕ್ಯುಮೆಂಟ್ ಮಾಡಿ. ಅದರಲ್ಲಿ ತೀರ್ಪಿನ ಐಡಿ, ನ್ಯಾಯಾಲಯದ ಹೆಸರು, ವರ್ಷ ಇವನ್ನು ನಕಲು ಮಾಡಿಡಿ. ಹುಡುಕುವಾಗ ತೀರ್ಪಿನ ಐಡಿ ಮೇಲೆ ಕೊಲ್ಯಾಪ್ಸ್ ಹಾಕಿದರೆ ಒಂದು ತೀರ್ಪಿನಿಂದ ಅತ್ಯುತ್ತಮ ಪ್ಯಾರಾ ಒಂದೇ ಬರುತ್ತದೆ. ಕೊಲ್ಯಾಪ್ಸ್ ಕೆಲಸ ಮಾಡುವುದು ಡಿಸ್ಕಿನಲ್ಲಿರುವ ಡಾಕ್ ವ್ಯಾಲ್ಯೂಸ್ (ಫೀಲ್ಡಿನ ಮೌಲ್ಯಗಳ ಪಟ್ಟಿ) ಮೇಲೆ. ಐಡಿ ಫೀಲ್ಡ್ ಕೀವರ್ಡ್ ಅಥವಾ ಸಂಖ್ಯೆ ಆಗಿದ್ದು, ಅದರಲ್ಲಿ ಒಂದೇ ಮೌಲ್ಯ ಇದ್ದರಾಯಿತು. ಹೀಪ್‌ನಲ್ಲಿ ನಿಲ್ಲುವುದು ನೀವು ಕೇಳಿದ ಪುಟಕ್ಕೆ ಬೇಕಾದಷ್ಟು ಗುಂಪುಗಳು ಮಾತ್ರ. ಒಂದು ಕೊರತೆ ಉಂಟು: ಒಟ್ಟು ಫಲಿತಾಂಶ ಎಂದು ಬರುವ ಸಂಖ್ಯೆ ಪ್ಯಾರಾಗಳದ್ದು, ತೀರ್ಪುಗಳದ್ದಲ್ಲ. ಪರದೆಯಲ್ಲಿ ‘ಇಷ್ಟು ತೀರ್ಪುಗಳು ಸಿಕ್ಕಿವೆ’ ಎಂದು ತೋರಿಸಲೇಬೇಕಾದರೆ ಐಡಿ ಮೇಲೆ ಕಾರ್ಡಿನಾಲಿಟಿ ಅಗ್ರಿಗೇಷನ್ (ಬೇರೆ ಬೇರೆ ಮೌಲ್ಯಗಳನ್ನು ಎಣಿಸುವ ಲೆಕ್ಕ) ಹಾಕಿ ಅಂದಾಜು ಸಂಖ್ಯೆ ಪಡೆಯಬೇಕು.

ಹೆಸರು, ವರ್ಷ ಎಲ್ಲವನ್ನೂ 40 ಸಲ ನಕಲು ಮಾಡಿದರೆ ಡಿಸ್ಕ್ ತುಂಬುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಹೆಚ್ಚುತ್ತದೆ. ಆದರೆ ಒಂದೇ ಮೌಲ್ಯ ಮತ್ತೆ ಮತ್ತೆ ಬರುವ ಫೀಲ್ಡ್‌ಗಳನ್ನು ಲೂಸೀನ್ ಚೆನ್ನಾಗಿ ಒತ್ತಿಡುತ್ತದೆ. ಡಿಸ್ಕ್ ಅಗ್ಗ, ಹೀಪ್ ಅಲ್ಲ.

ಎರಡನೆಯ ರೀತಿಯ ಪ್ರಶ್ನೆಗೆ ಮಾತ್ರ ಸಂಬಂಧ ಬೇಕು. ಅಂಥ ಪ್ರಶ್ನೆಗಳು ನಿಮ್ಮ ಕ್ವೆರಿ ಲಾಗ್‌ನಲ್ಲಿ ಎಷ್ಟಿವೆ ಎಂದು ಎಣಿಸಿ ನೋಡಿ.

## ಹಂತ 3: ಮರದ ರಚನೆಯನ್ನು ಪಾತ್ ಆಗಿ ಬರೆಯಿರಿ

ಶ್ರೇಣಿ ಬೇಕಿರುವುದು ಫಿಲ್ಟರ್ ಮಾಡಲು ಮಾತ್ರ ಎಂದಾದರೆ ಇನ್ನೂ ಸುಲಭ. ಸಂವಿಧಾನವನ್ನೇ ತೆಗೆದುಕೊಳ್ಳಿ. ವಾಕ್ ಸ್ವಾತಂತ್ರ್ಯದ ಉಪಖಂಡವನ್ನು ಹೀಗೆ ಒಂದು ಫೀಲ್ಡಿನಲ್ಲಿ ಬರೆದಿಡಬಹುದು:

ಸಂವಿಧಾನ/ಭಾಗ-3/ವಿಧಿ-19/ಖಂಡ-1/ಉಪಖಂಡ-ಎ

ಪಾತ್ ಹೈರಾರ್ಕಿ ಟೋಕನೈಸರ್ ಇದನ್ನು ಐದು ಟೋಕನ್ (ಹುಡುಕಬಲ್ಲ ಚೂರು) ಮಾಡುತ್ತದೆ: ‘ಸಂವಿಧಾನ’, ‘ಸಂವಿಧಾನ/ಭಾಗ-3’, ‘ಸಂವಿಧಾನ/ಭಾಗ-3/ವಿಧಿ-19’, ಹೀಗೆ ಪೂರ್ತಿ ಪಾತ್‌ವರೆಗೆ. ಭಾಗ 3ರ ಒಳಗೆ ಮಾತ್ರ ಹುಡುಕು ಎನ್ನುವುದು ಆಗ ಒಂದೇ ಒಂದು ಟರ್ಮ್ ಕ್ವೆರಿ. ಜಾಯಿನ್ ಇಲ್ಲ, ಬಿಟ್‌ಸೆಟ್ ಇಲ್ಲ, ಆಳ ಎಷ್ಟಿದ್ದರೂ ಖರ್ಚು ಅಷ್ಟೇ. ಟರ್ಮ್ ಬದಲು ಮ್ಯಾಚ್ ಕ್ವೆರಿ ಬಳಸುವುದಾದರೆ, ಹುಡುಕುವ ಕಡೆಯ ಅನಲೈಸರನ್ನು (ಪಠ್ಯವನ್ನು ಟೋಕನ್ ಮಾಡುವ ಭಾಗ) ಚೂರು ಮಾಡದ ಕೀವರ್ಡ್ ಎಂದು ಬೇರೆ ಮಾಡುವುದನ್ನು ಮರೆಯಬೇಡಿ. ಮರೆತರೆ ಕೇಳಿದ ಪಾತ್ ಕೂಡ ಚೂರಾಗಿ ‘ಸಂವಿಧಾನ’ ಎಂಬ ಟೋಕನ್‌ಗೆ ಇಡೀ ಸಂವಿಧಾನವೇ ಬಂದು ನಿಲ್ಲುತ್ತದೆ.

## ಹಂತ 4: ನೆಸ್ಟೆಡ್ ಬೇಕೇ ಬೇಕು ಎಂದಾದರೆ

ನೆಸ್ಟೆಡ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಎಲ್ಲಿ ಉಳಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ. ಲೂಸೀನ್ ಮೊದಲು ಮಕ್ಕಳನ್ನು ಸಾಲಾಗಿ ಬರೆದು ಕೊನೆಗೆ ಪೇರೆಂಟ್ ಬರೆಯುತ್ತದೆ. ಇಡೀ ಕುಟುಂಬ ಒಂದೇ ಬ್ಲಾಕ್. ಜೊತೆಗೆ ಒಂದು ಬಿಟ್‌ಸೆಟ್ ಇರುತ್ತದೆ: ಪ್ರತಿ ಡಾಕ್ಯುಮೆಂಟಿಗೆ ಒಂದು ಬಿಟ್, ಪೇರೆಂಟ್ ಆಗಿದ್ದರೆ 1, ಇಲ್ಲವಾದರೆ 0. ಚೈಲ್ಡ್ ಸಿಕ್ಕಿತೆಂದರೆ ಅಲ್ಲಿಂದ ಮುಂದಕ್ಕೆ ಸರಿಯುತ್ತ ಮೊದಲು ಸಿಗುವ 1 ಯಾವುದೋ ಅದೇ ಪೇರೆಂಟ್. ಇಷ್ಟೇ ಯಂತ್ರ.

ಈಗ ಲೆಕ್ಕ. 8.2 ಕೋಟಿ ಬಿಟ್ ಅಂದರೆ 1.025 ಕೋಟಿ ಬೈಟ್, ಸುಮಾರು 10 ಎಂಬಿ. ಅಷ್ಟೇನಾ? ಹೌದು, ಅಷ್ಟೇ. ನೆಸ್ಟೆಡ್ ಮೆಮೊರಿ ತಿನ್ನುತ್ತದೆ ಎಂದು ದೂರುವವರು ಈ ಗುಣಾಕಾರ ಮಾಡಿರುವುದಿಲ್ಲ. ಇಂಥ ಒಂದೇ ಇಂಡೆಕ್ಸ್ ಇದ್ದರೆ ಬಿಟ್‌ಸೆಟ್ ಹಿಂದೆ ಬೀಳಬೇಡಿ, ಕಳ್ಳ ಬೇರೆ ಕಡೆ ಇದ್ದಾನೆ. ಅದು ದೊಡ್ಡದಾಗುವುದು ಕೆಲವು ಸನ್ನಿವೇಶಗಳಲ್ಲಿ ಮಾತ್ರ.

ಒಂದು, ಆಳ. ತೀರ್ಪಿನೊಳಗೆ ಪ್ಯಾರಾ, ಪ್ಯಾರಾದೊಳಗೆ ಉಲ್ಲೇಖ, ಉಲ್ಲೇಖದೊಳಗೆ ಪುಟ ಎಂದು ನೆಸ್ಟೆಡ್ ಒಳಗೆ ನೆಸ್ಟೆಡ್ ಹಾಕಿದರೆ, ಮಕ್ಕಳಿರುವ ಪ್ರತಿ ಮಟ್ಟವೂ ಪೇರೆಂಟ್ ಆಗುವುದರಿಂದ ಪ್ರತಿಯೊಂದಕ್ಕೂ ಬೇರೆ ಬಿಟ್‌ಸೆಟ್ ಬೇಕು. ಅಕ್ಕಪಕ್ಕದಲ್ಲಿರುವ ನೆಸ್ಟೆಡ್ ಫೀಲ್ಡ್‌ಗಳಿಗೆ ಹಾಗಲ್ಲ, ಎಲ್ಲಕ್ಕೂ ಮೇಲಿನ ಒಂದೇ ಬಿಟ್‌ಸೆಟ್ ಸಾಕು. ಅಂದರೆ ಆಳ ಬಿಟ್‌ಸೆಟ್‌ಗಳನ್ನು ಹೆಚ್ಚಿಸುತ್ತದೆ, ಅಗಲ ಡಾಕ್ಯುಮೆಂಟ್‌ಗಳನ್ನು ಹೆಚ್ಚಿಸುತ್ತದೆ. ಮೂರು ಮಟ್ಟವನ್ನು ಎರಡಕ್ಕೆ ಇಳಿಸುವ ಅವಕಾಶ ಕಂಡರೆ ಬಿಡಬೇಡಿ: ಉಲ್ಲೇಖವನ್ನು ಪ್ಯಾರಾದೊಳಗಿಂದ ಹೊರತೆಗೆದು ತೀರ್ಪಿನ ಕೆಳಗೇ ಇಟ್ಟು, ಪ್ಯಾರಾ ನಂಬರ್ ಅನ್ನು ಅದರಲ್ಲಿ ಒಂದು ಫೀಲ್ಡ್ ಮಾಡಿ.

ಎರಡು, ದಿನಕ್ಕೊಂದು ಅಥವಾ ತಿಂಗಳಿಗೊಂದು ಇಂಡೆಕ್ಸ್ ಮಾಡುವ ವ್ಯವಸ್ಥೆ. ಎಲ್ಲ ಸೇರಿ 800 ಕೋಟಿ ಡಾಕ್ಯುಮೆಂಟ್ ಆದರೆ ಬಿಟ್‌ಸೆಟ್ ಮಟ್ಟವೊಂದಕ್ಕೆ 1 ಜಿಬಿ, ರೆಪ್ಲಿಕಾ (ಹೆಚ್ಚುವರಿ ನಕಲು) ಒಂದಿದ್ದರೆ 2. ಕ್ವೆರಿ ಬರಲಿ ಬಿಡಲಿ, ಇಲಾಸ್ಟಿಕ್‌ಸರ್ಚ್ ಇವನ್ನು ಮೊದಲೇ ಲೋಡ್ ಮಾಡಿಡುವುದು ರೂಢಿ. ಲೋಡ್ ಫಿಕ್ಸ್ಡ್ ಬಿಟ್‌ಸೆಟ್ ಫಿಲ್ಟರ್ಸ್ ಈಗರ್ಲಿ ಎಂಬ ಇಂಡೆಕ್ಸ್ ಸೆಟ್ಟಿಂಗ್ ಡೀಫಾಲ್ಟ್ ಆಗಿ ಟ್ರೂ ಇರುತ್ತದೆ. ಹಳೆಯ ಇಂಡೆಕ್ಸ್‌ಗಳನ್ನು ಯಾರೂ ಮುಟ್ಟುವುದಿಲ್ಲ ಎಂದಾದರೆ ಫಾಲ್ಸ್ ಮಾಡಿ. ಇದು ಇಂಡೆಕ್ಸ್ ಸೃಷ್ಟಿಸುವಾಗ ಹಾಕುವ ಸೆಟ್ಟಿಂಗ್, ಆದ್ದರಿಂದ ಟೆಂಪ್ಲೇಟ್‌ನಲ್ಲೇ ಬರೆಯುವುದು ಒಳ್ಳೆಯದು. ದಿನವೂ ಹುಡುಕಾಟ ನಡೆಯುವ ಇಂಡೆಕ್ಸ್‌ನಲ್ಲಿ ಇದರಿಂದ ಪೈಸೆ ಲಾಭವಿಲ್ಲ. ಮೊದಲ ಕ್ವೆರಿ ಬಂದಾಗ ಹೇಗೂ ಲೋಡ್ ಆಗುತ್ತದೆ, ಆ ಬಳಕೆದಾರನಿಗೆ ಕಾಯುವ ಶಿಕ್ಷೆ ಬೇರೆ.

ಇನ್ನೊಂದು ಮಾತು, ಹುಡುಕಲು ಬಳಸದ ವಿವರಗಳ ಬಗ್ಗೆ. ಸ್ಕ್ಯಾನ್ ಮಾಡಿದ ಪುಟದಲ್ಲಿ ಪದಗಳ ಸ್ಥಾನ, ಫಾಂಟ್ ಮಾಹಿತಿ ಇಂಥವನ್ನು ನೆಸ್ಟೆಡ್ ಆಗಿ ತುಂಬಿರುತ್ತಾರೆ. ಅದನ್ನು ಸಾಮಾನ್ಯ ಆಬ್ಜೆಕ್ಟ್ ಮಾಡಿ ಎನೇಬಲ್ಡ್ ಫಾಲ್ಸ್ ಹಾಕಿದರೆ ಮೂಲ ಜೇಸನ್‌ನಲ್ಲಿ ಉಳಿಯುತ್ತದೆ, ಲೂಸೀನ್ ಡಾಕ್ಯುಮೆಂಟ್ ಆಗುವುದಿಲ್ಲ. ಎಷ್ಟೋ ಇಂಡೆಕ್ಸ್‌ಗಳ ಡಾಕ್ಯುಮೆಂಟ್ ಸಂಖ್ಯೆ ಇದೊಂದರಿಂದಲೇ ಇಳಿಯುತ್ತದೆ.

## ಹಂತ 5: ಜಾಯಿನ್ ಫೀಲ್ಡ್ ಇದ್ದರೆ ಗ್ಲೋಬಲ್ ಆರ್ಡಿನಲ್ಸ್ ನೋಡಿ

ಮಕ್ಕಳು ಪದೇಪದೇ ಬದಲಾಗುತ್ತಿದ್ದರೆ ನೆಸ್ಟೆಡ್ ಬದಲು ಜಾಯಿನ್ ಫೀಲ್ಡ್ ಬಳಸುವುದುಂಟು. ಪೇರೆಂಟ್, ಚೈಲ್ಡ್ ಎರಡೂ ಸ್ವತಂತ್ರ ಡಾಕ್ಯುಮೆಂಟ್‌ಗಳು, ಒಂದೇ ಶಾರ್ಡಿನಲ್ಲಿ ಇರಬೇಕೆಂಬ ಷರತ್ತು ಮಾತ್ರ. ಮೆಮೊರಿ ವಿಷಯದಲ್ಲಿ ಇದು ನೆಸ್ಟೆಡ್‌ಗಿಂತ ಭಾರ.

ಕಾರಣ ಹೀಗೆ. ಪ್ರತಿ ಸೆಗ್ಮೆಂಟ್ ತನ್ನಲ್ಲಿರುವ ಪೇರೆಂಟ್ ಐಡಿಗಳಿಗೆ ತನ್ನದೇ ಕ್ರಮಸಂಖ್ಯೆ ಕೊಟ್ಟುಕೊಂಡಿರುತ್ತದೆ. ಒಂದು ಸೆಗ್ಮೆಂಟಿನಲ್ಲಿ 57 ಆದದ್ದು ಇನ್ನೊಂದರಲ್ಲಿ 4,012 ಆಗಿರಬಹುದು. ಎರಡನ್ನೂ ಹೊಂದಿಸಲು ಶಾರ್ಡ್ ಮಟ್ಟದಲ್ಲಿ ಒಂದು ದೊಡ್ಡ ಕೋಷ್ಟಕ ಬೇಕು, ಅದೇ ಗ್ಲೋಬಲ್ ಆರ್ಡಿನಲ್ಸ್. ಅದು ಇರುವುದು ಹೀಪ್‌ನಲ್ಲಿ. ರಿಫ್ರೆಶ್ ಎಂದರೆ ಹೊಸ ಬರಹವನ್ನು ಹುಡುಕಾಟಕ್ಕೆ ಕಾಣಿಸುವ ಕೆಲಸ; ಬದಲಾವಣೆ ಆದ ಪ್ರತಿ ರಿಫ್ರೆಶ್‌ಗೂ ಹಳೆಯದು ಕೆಲಸಕ್ಕೆ ಬಾರದಾಗಿ ಮತ್ತೆ ಕಟ್ಟಬೇಕು. ಹಳೆಯ ಕೋಷ್ಟಕ ಹಿಡಿದ ಕ್ವೆರಿಗಳು ಇನ್ನೂ ಓಡುತ್ತಿದ್ದರೆ ಅಷ್ಟು ಹೊತ್ತು ಎರಡೂ ಮೆಮೊರಿಯಲ್ಲಿರುತ್ತವೆ. ರಿಫ್ರೆಶ್ ಡೀಫಾಲ್ಟ್ ಆಗಿ 1 ಸೆಕೆಂಡಿಗೊಮ್ಮೆ ನಡೆಯುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಎಷ್ಟು ತಿನ್ನುತ್ತಿದೆ ಎಂಬುದು ಫೀಲ್ಡ್‌ಡೇಟಾ ಅಂಕಿಅಂಶದಲ್ಲಿ ಸಿಗುತ್ತದೆ. ಫೀಲ್ಡಿನ ಹೆಸರು, ಹ್ಯಾಷ್ ಗುರುತು, ಪೇರೆಂಟ್ ಹೆಸರು ಸೇರಿಸಿ ‘ಸಂಬಂಧ#ತೀರ್ಪು’ ಎಂಬ ರೂಪದಲ್ಲಿ ಕೇಳಬೇಕು.

ತಗ್ಗಿಸಲು ನೇರ ಉಪಾಯ ರಿಫ್ರೆಶ್ ಇಂಟರ್ವಲನ್ನು 30 ಸೆಕೆಂಡಿಗೋ ಒಂದು ನಿಮಿಷಕ್ಕೋ ಏರಿಸುವುದು. ತೀರ್ಪು ಅಪ್‌ಲೋಡ್ ಆಗಿ ಅರ್ಧ ನಿಮಿಷ ತಡವಾಗಿ ಕಂಡರೆ ಯಾರ ಗಂಟೂ ಹೋಗುವುದಿಲ್ಲ. ಬರಹ ನಿಂತುಹೋದ ಹಳೆಯ ಇಂಡೆಕ್ಸ್‌ಗಳನ್ನು ಫೋರ್ಸ್ ಮರ್ಜ್ ಮಾಡಿ ಒಂದೇ ಸೆಗ್ಮೆಂಟಿಗೆ ಇಳಿಸಿ. ಸೆಗ್ಮೆಂಟ್ ಒಂದೇ ಇದ್ದಾಗ ಅದರ ಕ್ರಮಸಂಖ್ಯೆಯೇ ಶಾರ್ಡಿನ ಕ್ರಮಸಂಖ್ಯೆ, ಹೊಂದಿಸುವ ಕೋಷ್ಟಕವೇ ಬೇಡ. ಅಳಿಸಿದವೂ ಹೊರಟುಹೋಗುತ್ತವೆ. ಇನ್ನೂ ಬರೆಯುತ್ತಿರುವ ಇಂಡೆಕ್ಸ್ ಮೇಲೆ ಮಾತ್ರ ಇದನ್ನು ಪ್ರಯೋಗಿಸಬೇಡಿ. ದೈತ್ಯ ಸೆಗ್ಮೆಂಟ್ ಒಂದು ಹುಟ್ಟಿದರೆ ಅದನ್ನು ಮತ್ತೆ ಮರ್ಜ್ ಮಾಡಲು ಲೂಸೀನ್ ಬಹಳ ಕಾಲ ಮನಸ್ಸು ಮಾಡುವುದಿಲ್ಲ, ಅಳಿಸಿದವು ಅಲ್ಲೇ ಗುಡ್ಡೆ ಬೀಳುತ್ತವೆ.

ಕ್ವೆರಿ ಕಡೆಯಲ್ಲೂ ಒಂದು ಉಳಿತಾಯ ಇದೆ, ಬಹಳ ಜನ ಗಮನಿಸದ್ದು. ಹ್ಯಾಸ್ ಚೈಲ್ಡ್ ಕ್ವೆರಿಯಲ್ಲಿ (ಮಕ್ಕಳಲ್ಲಿ ಹುಡುಕಿ ಪೇರೆಂಟ್ ತರುವುದು) ಸ್ಕೋರ್ ಮೋಡ್ ನನ್ ಇದ್ದರೆ, ಅಂದರೆ ಮಕ್ಕಳ ಅಂಕ ಬೇಡವಾದರೆ, ಪೇರೆಂಟ್ ಒಂದಕ್ಕೆ 1 ಬಿಟ್ ಸಾಕು. 20 ಲಕ್ಷ ಪೇರೆಂಟ್‌ಗೆ 250 ಕೆಬಿ. ಮ್ಯಾಕ್ಸ್ ಅಥವಾ ಸಮ್ ಎಂದು ಹಾಕಿದಿರೋ, ಪ್ರತಿ ಪೇರೆಂಟಿಗೂ 4 ಬೈಟ್‌ನ ಸ್ಕೋರ್ ಇಟ್ಟುಕೊಳ್ಳಬೇಕು, ಹೆಚ್ಚೆಂದರೆ 8 ಎಂಬಿ. ಒಂದು ಕ್ವೆರಿಗೆ 8 ಎಂಬಿ ಏನೂ ಅಲ್ಲ. ಬೆಳಗ್ಗೆ ಕೋರ್ಟ್ ಶುರುವಾಗುವ ಹೊತ್ತಿಗೆ 100 ಜನ ಒಟ್ಟಿಗೆ ಹುಡುಕಿದರೆ 800 ಎಂಬಿ, ಅದೇ ನನ್ ಇದ್ದಿದ್ದರೆ 25 ಎಂಬಿ. ಫಲಿತಾಂಶವನ್ನು ದಿನಾಂಕದ ಪ್ರಕಾರ ಜೋಡಿಸುತ್ತಿದ್ದರೆ ಸ್ಕೋರ್ ಯಾರಿಗೆ ಬೇಕು? ಡೀಫಾಲ್ಟ್ ನನ್ ಆಗಿಯೇ ಇರುತ್ತದೆ, ಯಾರೋ ಎಲ್ಲಿಂದಲೋ ನಕಲು ಮಾಡಿದ ಕ್ವೆರಿಯಲ್ಲಿ ಅದು ಬದಲಾಗಿರುತ್ತದೆ.

## ಹಂತ 6: ಇನ್ನರ್ ಹಿಟ್ಸ್ ಎಂಬ ಹೊಂಚುಕೋರ

ಯಾವ ಪ್ಯಾರಾ ಹೊಂದಿತು ಎಂದು ತೋರಿಸಲು ಇನ್ನರ್ ಹಿಟ್ಸ್ ಬೇಕು. ನೆಸ್ಟೆಡ್ ಮಗುವಿಗೆ ಸ್ವಂತ ಸೋರ್ಸ್ (ಮೂಲ ಜೇಸನ್) ಇರುವುದಿಲ್ಲ. ಅದರ ಪಠ್ಯ ಬೇಕಾದರೆ ಇಡೀ ತೀರ್ಪಿನ ಜೇಸನ್ ಓದಿ, ಬಿಡಿಸಿ, ಒಳಗಿನ ಆ ತುಂಡನ್ನು ಹೆಕ್ಕಬೇಕು.

ಕನ್ನಡ ಪಠ್ಯ ಇಟ್ಟುಕೊಂಡವರಿಗೆ ಇದು ಇನ್ನೂ ಬಿಗಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ತೀರ್ಪು’ ಕಣ್ಣಿಗೆ ಎರಡೇ ಅಕ್ಷರ, ಒಳಗೆ ತ, ದೀರ್ಘ, ರ, ವಿರಾಮ, ಪ, ಕೊಂಬು ಎಂದು ಆರು ಸಂಕೇತ: ಡಿಸ್ಕಿನಲ್ಲಿ 18 ಬೈಟ್. ಜಾವಾದ ಹೀಪ್‌ಗೆ ಬಂದಾಗ ಸಂಕೇತಕ್ಕೆ 2ರಂತೆ 12 ಬೈಟ್. ಬರೀ ಇಂಗ್ಲಿಷ್ ಇರುವ ಸ್ಟ್ರಿಂಗನ್ನು ಜಾವಾ 9ರಿಂದ ಈಚೆಗೆ ಸಂಕೇತಕ್ಕೆ 1 ಬೈಟ್‌ನಲ್ಲೇ ಇಡುತ್ತದೆ. ಇಂಗ್ಲಿಷ್ ದತ್ತಾಂಶದ ಮೇಲೆ ಅಳೆದು ಹೇಳಿದ ಹೀಪ್ ಗಾತ್ರದ ಸಲಹೆಗಳನ್ನು ಕನ್ನಡ, ತಮಿಳು, ಹಿಂದಿ ಇಂಡೆಕ್ಸ್‌ಗೆ ಹಾಗೇ ನಂಬಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

40 ಪ್ಯಾರಾ, ಒಂದೊಂದರಲ್ಲಿ 1,500 ಸಂಕೇತ ಎಂದರೆ ತೀರ್ಪು ಒಂದಕ್ಕೆ 180 ಕೆಬಿ. ಪುಟಕ್ಕೆ 50 ಫಲಿತಾಂಶ ಕೇಳಿದರೆ 9 ಎಂಬಿ ಓದಬೇಕು, ಬಿಡಿಸಿದ ಮೇಲೆ ಆಬ್ಜೆಕ್ಟ್‌ಗಳ ಹೊರೆ ಸೇರಿ ಇನ್ನೂ ಉಬ್ಬುತ್ತದೆ. 100 ಜನರಿಗೆ ಗುಣಿಸಿಕೊಳ್ಳಿ.

ಏನು ಮಾಡಬಹುದು? ಇನ್ನರ್ ಹಿಟ್ಸ್‌ನಲ್ಲಿ ಸೋರ್ಸ್ ಫಾಲ್ಸ್ ಹಾಕಿ, ಬೇಕಾದ ಪ್ಯಾರಾ ನಂಬರನ್ನು ಡಾಕ್ ವ್ಯಾಲ್ಯೂಸ್‌ನಿಂದ ತರಿಸಿಕೊಳ್ಳಿ. ಪ್ಯಾರಾದ ಪೂರ್ತಿ ಪಠ್ಯವನ್ನು ಬಳಕೆದಾರ ಕ್ಲಿಕ್ ಮಾಡಿದಾಗ ಡೇಟಾಬೇಸಿನಿಂದ ಕೊಡಿ. ಇನ್ನರ್ ಹಿಟ್ಸ್ ಗಾತ್ರ ಡೀಫಾಲ್ಟ್ ಆಗಿ 3, ಗರಿಷ್ಠ 100. ಆ 100ರ ಮಿತಿಯನ್ನು ಏರಿಸುವ ಆಸೆ ಬಂದರೆ, ನಿಮಗೆ ಬೇಕಿರುವುದು ಹಂತ 2ರ ಸ್ವತಂತ್ರ ಪ್ಯಾರಾ ಮಾದರಿ ಎಂದರ್ಥ.

## ಹಂತ 7: ಸೋಲರ್ ಬಳಸುವವರಿಗೆ

ಸೋಲರ್‌ನಲ್ಲಿ ಬ್ಲಾಕ್ ಜಾಯಿನ್ ಯಂತ್ರ ಹಂತ 4ರಲ್ಲಿ ಕಂಡದ್ದೇ, ಕಳ್ಳ ಮಾತ್ರ ಬೇರೆ: ಫಿಲ್ಟರ್ ಕ್ಯಾಶ್. ಎಫ್‌ಕ್ಯೂ (ಫಿಲ್ಟರ್ ಕ್ವೆರಿ) ಒಂದೊಂದರ ಉತ್ತರವನ್ನೂ ಅದು ಬಿಟ್‌ಸೆಟ್ ಆಗಿ ಇಟ್ಟುಕೊಳ್ಳುತ್ತದೆ, ಮತ್ತು ಆ ಬಿಟ್‌ಸೆಟ್ ಮಕ್ಕಳೂ ಸೇರಿ ಎಲ್ಲ 8.2 ಕೋಟಿಗೆ. ವರ್ಷದ ಮೇಲಿನ ಫಿಲ್ಟರ್ ಹೊಂದುವುದು ತೀರ್ಪುಗಳಿಗೆ ಮಾತ್ರ, ಬಾಡಿಗೆ ಕೊಡುವುದು ಪ್ಯಾರಾಗಳಿಗೂ. ಸೋಲರ್ ಜೊತೆಗೆ ಬರುವ ಮಾದರಿ ಕಾನ್ಫಿಗ್‌ನಲ್ಲಿ ಈ ಕ್ಯಾಶ್‌ನ ಗಾತ್ರ 512. ಒಂದಕ್ಕೆ 10 ಎಂಬಿಯಂತೆ 512 ತುಂಬಿದರೆ 5 ಜಿಬಿ ದಾಟಿತು. ಒಟ್ಟಿನ 64ರಲ್ಲಿ ಒಂದು ಪಾಲಿಗಿಂತ ಕಡಿಮೆ ಹೊಂದಿದ ಫಿಲ್ಟರನ್ನು ಬಿಟ್‌ಸೆಟ್ ಬದಲು ನಂಬರ್‌ಗಳ ಪಟ್ಟಿಯಾಗಿ ಇಡುವ ಜಾಣ್ಮೆ ಸೋಲರ್‌ಗಿದೆ, ಆದರೂ ದೊಡ್ಡ ಫಿಲ್ಟರ್‌ಗಳು ದೊಡ್ಡವೇ. ಕಮಿಟ್ ಆದಾಗ ಹೊಸ ಸರ್ಚರ್ ಬೆಚ್ಚಗಾಗುವವರೆಗೆ ಹಳೆಯದರ ಕ್ಯಾಶೂ ಉಳಿಯುವುದರಿಂದ ಆ ಕ್ಷಣಕ್ಕೆ ಇಮ್ಮಡಿಯತ್ತ ಹೋಗುತ್ತದೆ.

ಕ್ಯಾಶ್‌ನ ಮಿತಿಯನ್ನು ಸಂಖ್ಯೆಯಲ್ಲಿ ಕೊಡುವ ಬದಲು ಮ್ಯಾಕ್ಸ್ ರ‍್ಯಾಮ್ ಎಂಬಿ ಮೂಲಕ ಕೊಡಿ. ಆಟೋವಾರ್ಮ್ (ಹಳೆಯ ಕ್ಯಾಶ್‌ನಿಂದ ಹೊಸದಕ್ಕೆ ತುಂಬುವ) ಸಂಖ್ಯೆ ಇಳಿಸಿ. ಮತ್ತೆ ಮತ್ತೆ ಬಾರದ ಫಿಲ್ಟರ್‌ಗಳಿಗೆ, ಉದಾಹರಣೆಗೆ ಸೆಕೆಂಡುವರೆಗಿನ ಸಮಯ ಇರುವ ದಿನಾಂಕದ ವ್ಯಾಪ್ತಿಗೆ, ಕ್ಯಾಶ್ ಫಾಲ್ಸ್ ಹಾಕಿ.

ಮಕ್ಕಳಲ್ಲಿ ಹುಡುಕಿ ಪೇರೆಂಟ್ ತರುವ ಪೇರೆಂಟ್ ಪಾರ್ಸರ್‌ನ ವಿಚ್ ಭಾಗದಲ್ಲಿ ‘ಎಲ್ಲ ಪೇರೆಂಟ್‌ಗಳು’ ಎಂಬ ಒಂದೇ ಸ್ಥಿರ ಷರತ್ತು ಇರಬೇಕು. ಅಲ್ಲಿ ‘2019ರ ತೀರ್ಪುಗಳು’ ಎಂದು ಬರೆಯುವವರಿದ್ದಾರೆ. ಆಗ ಪ್ರತಿ ವರ್ಷಕ್ಕೂ ಹೊಸ ಬಿಟ್‌ಸೆಟ್ ಹುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು, 2018ರ ತೀರ್ಪಿನ ಪ್ಯಾರಾ ತನ್ನ ಪೇರೆಂಟ್ ಕಾಣದೆ ಮುಂದೆ ಸರಿದು ಪಕ್ಕದ 2019ರ ತೀರ್ಪಿಗೆ ಅಂಟಿಕೊಳ್ಳುತ್ತದೆ. ಉತ್ತರವೇ ತಪ್ಪು. ವರ್ಷದ ಷರತ್ತು ಎಫ್‌ಕ್ಯೂಗೆ ಹೋಗಲಿ.

## ಹಂತ 8: ಅಗ್ರಿಗೇಷನ್, ಪುಟ ತಿರುವುವುದು, ವೆಕ್ಟರ್

ಸಾವಿರಾರು ಬಕೆಟ್‌ಗಳಲ್ಲಿ (ಒಂದೇ ಮೌಲ್ಯದ ಗುಂಪುಗಳಲ್ಲಿ) ಮೇಲಿನ ಕೆಲವನ್ನಷ್ಟೇ ಕೇಳುವ ಟರ್ಮ್ಸ್ ಅಗ್ರಿಗೇಷನ್ ಒಳಗೆ ಇನ್ನೊಂದನ್ನು ಹಾಕಿದ್ದರೆ ಕಲೆಕ್ಟ್ ಮೋಡನ್ನು ಬ್ರೆಡ್ತ್ ಫಸ್ಟ್ ಮಾಡಿ. ಎಲ್ಲ ಬಕೆಟ್‌ಗಳೂ ಬೇಕೇ ಬೇಕಾದರೆ ಕಾಂಪೊಸಿಟ್ ಬಳಸಿ ಕಂತಿನಲ್ಲಿ ತನ್ನಿ. ಆಳದ ಪುಟಗಳಿಗೆ ಫ್ರಮ್ (ಇಷ್ಟನೆಯದರಿಂದ ಕೊಡು) ಬದಲು ಸರ್ಚ್ ಆಫ್ಟರ್ (ಹಿಂದಿನ ಪುಟದ ಕೊನೆಯದರ ನಂತರ ಕೊಡು) ಬಳಸಿ.

ಪ್ಯಾರಾಗೊಂದು ವೆಕ್ಟರ್ (ಅರ್ಥವನ್ನು ಸೂಚಿಸುವ ಸಂಖ್ಯೆಗಳ ಸಾಲು) ಇಡುವ ಯೋಜನೆ ಇದ್ದರೆ ಮೊದಲೇ ಗುಣಿಸಿ ನೋಡಿ: 768 ಆಯಾಮ, 4 ಬೈಟ್, 8 ಕೋಟಿ ಪ್ಯಾರಾ. ಸುಮಾರು 246 ಜಿಬಿ. ಇದು ಹೀಪ್‌ನಲ್ಲಿ ಕೂರುವುದಿಲ್ಲ, ಆದರೆ ಹುಡುಕಾಟ ಚುರುಕಾಗಿರಬೇಕಾದರೆ ಆಪರೇಟಿಂಗ್ ಸಿಸ್ಟಮ್‌ನ ಪೇಜ್ ಕ್ಯಾಶ್‌ನಲ್ಲಿ (ಓದಿದ ಫೈಲ್‌ಗಳನ್ನು ಇಟ್ಟುಕೊಳ್ಳುವ ಮೆಮೊರಿ) ಇರಲೇಬೇಕು. ಆಯಾಮಕ್ಕೆ 1 ಬೈಟ್‌ನಂತೆ ಕ್ವಾಂಟೈಸ್ ಮಾಡಿದರೆ 61 ಜಿಬಿ ಚಿಲ್ಲರೆಗೆ ಇಳಿಯುತ್ತದೆ.

## ಹಂತ 9: ಇಷ್ಟಾದ ಮೇಲೆ ಹೀಪ್

ಯಂತ್ರದ ಮೆಮೊರಿಯ ಅರ್ಧಕ್ಕಿಂತ ಹೆಚ್ಚನ್ನು ಹೀಪ್‌ಗೆ ಕೊಡಬೇಡಿ. ಉಳಿದರ್ಧ ವ್ಯರ್ಥವಾಗುವುದಿಲ್ಲ. ಲೂಸೀನ್ ಫೈಲ್‌ಗಳನ್ನು ಪೇಜ್ ಕ್ಯಾಶ್ ಮೂಲಕವೇ ಓದುತ್ತದೆ.

ಇಲಾಸ್ಟಿಕ್‌ಸರ್ಚ್‌ನ ಸರ್ಕ್ಯೂಟ್ ಬ್ರೇಕರ್‌ಗಳನ್ನು ಏರಿಸಲು ಹೋಗಬೇಡಿ. ನಿಜವಾದ ಹೀಪ್ ಬಳಕೆ ನೋಡುವ ಈಗಿನ ವ್ಯವಸ್ಥೆಯಲ್ಲಿ ಪೇರೆಂಟ್ ಬ್ರೇಕರ್ (ಡಾಕ್ಯುಮೆಂಟ್ ಪೇರೆಂಟ್ ಅಲ್ಲ, ಎಲ್ಲ ಬ್ರೇಕರ್‌ಗಳ ಮೇಲಿನ ಒಟ್ಟು ಮಿತಿ) 95%, ಫೀಲ್ಡ್‌ಡೇಟಾ 40%, ರಿಕ್ವೆಸ್ಟ್ 60%. ಇವು ಬಿದ್ದಾಗ ಒಂದು ಕ್ವೆರಿಗೆ 429 ಎಂಬ ತಿರಸ್ಕಾರದ ಸಂಕೇತ ಸಿಗುತ್ತದೆ. ಇವಿಲ್ಲದಿದ್ದರೆ ನೋಡೇ ಬೀಳುತ್ತದೆ. ಯಾವ ಬ್ರೇಕರ್ ಬಿತ್ತು ಎಂಬುದೂ ಸುಳಿವೇ: ಫೀಲ್ಡ್‌ಡೇಟಾ ಆದರೆ ಹಂತ 5ಕ್ಕೆ ಹೋಗಿ, ರಿಕ್ವೆಸ್ಟ್ ಆದರೆ ಹಂತ 8ಕ್ಕೆ, ಪೇರೆಂಟ್ ಮಾತ್ರ ಬೀಳುತ್ತಿದ್ದರೆ ಮೊದಲು ಇನ್ನರ್ ಹಿಟ್ಸ್ ಪರೀಕ್ಷಿಸಿ.

ಬದಲಾವಣೆಗಳನ್ನು ಒಂದೊಂದಾಗಿ ಮಾಡಿ. ಪ್ರತಿ ಸಲವೂ ಜಾವಾ ಓಲ್ಡ್ ಜನರೇಷನ್‌ನ (ಬಹುಕಾಲ ಉಳಿದ ಆಬ್ಜೆಕ್ಟ್‌ಗಳ) ಕಸ ತೆಗೆದ ಮೇಲೆ ಉಳಿಯುವ ಹೀಪ್ ಅಂಕಿಯನ್ನೇ ಹೋಲಿಸಿ. ಗ್ರಾಫಿನ ಗರಗಸದ ಮೇಲ್ತುದಿ ನೋಡಿ ಪ್ರಯೋಜನವಿಲ್ಲ, ಅದು ಯಾವಾಗಲೂ ಎತ್ತರದಲ್ಲೇ ಇರುತ್ತದೆ. ಕೆಳತುದಿ ಇಳಿಯಿತೇ ಎಂಬುದಷ್ಟೇ ಮುಖ್ಯ. ಪರೀಕ್ಷೆಗೆ ಒಂದೇ ಕ್ವೆರಿಯನ್ನು ಸಾವಿರ ಸಲ ಓಡಿಸಬೇಡಿ, ಕ್ಯಾಶ್ ಉತ್ತರ ಕೊಟ್ಟು ಮೋಸ ಮಾಡುತ್ತದೆ. ನಿಜವಾದ ಲಾಗ್‌ನಿಂದ ಒಂದು ದಿನದ ಕ್ವೆರಿಗಳನ್ನು ತೆಗೆದು ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಓಡಿಸಿ.